ಸ್ಟ್ಯಾಟಿನ್ ಜೊತೆಗೆ ಕೋ-ಕ್ಯೂ10: ಆ ಕಿತ್ತಳೆ ಕ್ಯಾಪ್ಸೂಲ್ ಕೊಳ್ಳುವ ಮುಂಚೆ

ಮೆಡಿಕಲ್ ಶಾಪಿಗೆ ಅಟೊರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್‌ನಂಥ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ತರಲು ಹೋದವರ ಕೈಗೆ ಎಷ್ಟೋ ಸಲ ಇನ್ನೊಂದು ಸ್ಟ್ರಿಪ್ಪೂ ಬಂದು ಸೇರುತ್ತದೆ: ಕೋಎನ್‌ಜೈಮ್ ಕ್ಯೂ10, ಕೌಂಟರಿನ ಮಾತಿನಲ್ಲಿ ಕೋ-ಕ್ಯೂ10. "ಕೊಲೆಸ್ಟ್ರಾಲ್ ಮಾತ್ರೆ ಮೈಯಲ್ಲಿರೋ ಇದನ್ನ ಇಳಿಸುತ್ತೆ, ಅದಕ್ಕೇ ನಿಮ್ಮ ಕಾಲುನೋವು" ಅನ್ನುವ ವಿವರಣೆಯೂ ಜೊತೆಗಿರುತ್ತದೆ. ಈ ಮಾತಿನ ಮೊದಲರ್ಧ ನಿಜ. ಎರಡನೇ ಅರ್ಧ ಪ್ರಯೋಗಗಳಲ್ಲಿ ಗಟ್ಟಿಯಾಗಿ ನಿಂತಿಲ್ಲ. ಈ ಕ್ಯಾಪ್ಸೂಲ್ ಹೆಚ್ಚಿನವರಿಗೆ ಅಪಾಯದ್ದಲ್ಲ, ಸ್ಟ್ಯಾಟಿನ್ ತಗೊಳ್ಳುವವರೆಲ್ಲರಿಗೂ ಬೇಕಾದದ್ದೂ ಅಲ್ಲ.

ಮೊದಲರ್ಧ ಯಾಕೆ ನಿಜ ಅಂದರೆ, ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಪೆನಿಸಿಲಿಯಂ ಬೂಷ್ಟಿನಿಂದ ತೆಗೆದ ಕಾಂಪ್ಯಾಕ್ಟಿನ್‌ನಿಂದ ಹಿಡಿದು ಇಂದಿನ ರೋಸುವಾಸ್ಟ್ಯಾಟಿನ್‌ವರೆಗೆ ಎಲ್ಲ ಸ್ಟ್ಯಾಟಿನ್‌ಗಳೂ ತಡೆಯುವುದು ಎಚ್‌ಎಂಜಿ-ಕೋಎ ರಿಡಕ್ಟೇಸ್ ಎಂಬ ಒಂದೇ ಕಿಣ್ವವನ್ನು. ಆ ಕಿಣ್ವ ತಯಾರಿಸುವ ಮೆವಲೊನೇಟ್ ಕೊಲೆಸ್ಟ್ರಾಲಿಗಷ್ಟೇ ಅಲ್ಲ, ಕೋ-ಕ್ಯೂ10ಕ್ಕೂ ಡಾಲಿಕಾಲ್‌ಗೂ ಕಚ್ಚಾ ಸಾಮಗ್ರಿ. ತೂಬಿನಲ್ಲೇ ಹಲಗೆ ಇಳಿಸಿದರೆ ಮುಂದಿನ ಕವಲು ನಾಲೆಗಳಿಗೆಲ್ಲ ನೀರು ಕಮ್ಮಿ ಆಗುತ್ತದಲ್ಲ, ಹಾಗೆ. ಆದರೆ ಕೊಲೆಸ್ಟ್ರಾಲ್ ಅಲ್ಲದ ಕವಲುಗಳಲ್ಲಿ ಕೆಲವು ಸಣ್ಣ ಹರಿವಿನಲ್ಲೂ ತಮ್ಮ ಪಾಲನ್ನು ಮೊದಲು ಎಳೆದುಕೊಳ್ಳುತ್ತವೆ. ಆದ್ದರಿಂದ ಎಲ್ಲ ಕವಲಿಗೂ ಒಂದೇ ಪ್ರಮಾಣದ ಬರ ಬರುವುದಿಲ್ಲ.

ಕೋ-ಕ್ಯೂ10 ಇರುವುದು ಜೀವಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಮೈಟೊಕಾಂಡ್ರಿಯಾದ ಪೊರೆಯಲ್ಲಿ. ಊಟದಿಂದ ಸಿಕ್ಕ ಎಲೆಕ್ಟ್ರಾನ್‌ಗಳನ್ನು ಒಂದು ಕಿಣ್ವದಿಂದ ಇನ್ನೊಂದಕ್ಕೆ ಹೊತ್ತು ಸಾಗಿಸುವುದು ಅದರ ಕೆಲಸ, ಆ ಸಾಗಣೆ ನಡೆದರೇ ಸ್ನಾಯುವಿಗೆ ಶಕ್ತಿ. 1957ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಕ್ರೇನ್ ಇದನ್ನು ಮೊದಲು ಬೇರ್ಪಡಿಸಿದ್ದೂ ದನದ ಹೃದಯದ ಸ್ನಾಯುವಿನಿಂದಲೇ.

ಸ್ಟ್ಯಾಟಿನ್ ಶುರುಮಾಡಿದ ಮೇಲೆ ರಕ್ತದ ಕೋ-ಕ್ಯೂ10 ಇಳಿಯುತ್ತದೆ. ಬೇರೆ ಬೇರೆ ಅಧ್ಯಯನಗಳಲ್ಲಿ ಶೇ 16ರಿಂದ 54ರವರೆಗೆ ಇಳಿದದ್ದು ದಾಖಲಾಗಿದೆ. ಈ ಅಂಕಿಯನ್ನು ನೋಡಿ ಹೆದರುವ ಮುಂಚೆ ಒಂದು ವಿಷಯ ತಿಳಿದಿರಬೇಕು. ಇದು ಎಣ್ಣೆಯಲ್ಲಿ ಕರಗುವ ವಸ್ತು, ರಕ್ತದಲ್ಲಿ ಹೆಚ್ಚಾಗಿ ಕೊಲೆಸ್ಟ್ರಾಲ್ ಹೊರುವ ಎಲ್‌ಡಿಎಲ್ ಕಣದ ಮೇಲೆ ಕೂತೇ ಓಡಾಡುತ್ತದೆ, ಸ್ಟ್ಯಾಟಿನ್ ಇಳಿಸುವುದು ಆ ಕಣಗಳನ್ನೇ. ಬಸ್ಸುಗಳನ್ನೇ ಅರ್ಧ ಮಾಡಿದರೆ ರಸ್ತೆಯಲ್ಲಿ ಪ್ರಯಾಣಿಕರೂ ಕಮ್ಮಿ ಕಾಣುತ್ತಾರೆ. ಸ್ನಾಯುವಿನ ತುಣುಕು ತೆಗೆದು ಅಳೆದ ಅಧ್ಯಯನಗಳಲ್ಲಿ ಕೆಲವೆಡೆ ಇಳಿಕೆ ಕಂಡಿದೆ, ಕೆಲವೆಡೆ ಕಂಡಿಲ್ಲ. ಹಾಗಾಗಿ ರಕ್ತದ ಕೋ-ಕ್ಯೂ10 ಟೆಸ್ಟಿಗೆ ದುಡ್ಡು ಸುರಿಯಬೇಡಿ, ಸ್ನಾಯುವಿನ ಸ್ಥಿತಿಯನ್ನು ಅದು ಹೇಳುವುದಿಲ್ಲ.

ನೋವಿನ ವಿಷಯದಲ್ಲಿ ಎರಡು ಪ್ರಯೋಗಗಳನ್ನು ಹೇಳಲೇಬೇಕು. 2015ರಲ್ಲಿ ಪ್ರಕಟವಾದ ಒಂದರಲ್ಲಿ, ಸ್ಟ್ಯಾಟಿನ್‌ನಿಂದ ನೋವು ಅಂದ 120 ಜನರಿಗೆ ಸಿಮ್ವಾಸ್ಟ್ಯಾಟಿನ್ 20 ಮಿಗ್ರಾಂ ಮತ್ತು ಔಷಧವಿಲ್ಲದ ಸುಳ್ಳುಮಾತ್ರೆಯನ್ನು ಗುಟ್ಟಾಗಿ ಸರದಿಯಲ್ಲಿ ಕೊಟ್ಟು ನೋಡಿದರು. ಸ್ಟ್ಯಾಟಿನ್ ಇದ್ದಾಗ ಮಾತ್ರ ನೋವು ಬಂದದ್ದು ಸುಮಾರು ಶೇ 36 ಜನರಿಗೆ. ಅವರಲ್ಲಿ ಮುಂದುವರಿದವರಿಗೆ ದಿನಕ್ಕೆ 600 ಮಿಗ್ರಾಂ ಕೋ-ಕ್ಯೂ10 ಕೊಟ್ಟರೂ ನೋವು ಇಳಿಯಲಿಲ್ಲ, ರಕ್ತದಲ್ಲಿ ಅದರ ಮಟ್ಟ ಏರಿತ್ತು ಅಷ್ಟೆ. ಇನ್ನೊಂದು, 60 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಸ್ಯಾಮ್ಸನ್ ಪ್ರಯೋಗ. ಅವರಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಸುಳ್ಳುಮಾತ್ರೆ ಕೊಟ್ಟರು. ಸ್ಟ್ಯಾಟಿನ್ ತಿಂಗಳಲ್ಲಿ ಕಂಡ ತೊಂದರೆಯ ಶೇ 90ರಷ್ಟು ಸುಳ್ಳುಮಾತ್ರೆಯ ತಿಂಗಳಲ್ಲೂ ಇತ್ತು. ನೋವು ಸುಳ್ಳು ಎಂದು ಇದರ ಅರ್ಥವಲ್ಲ. ನೋವು ನಿಜ, ಕಾರಣ ಬಹುಪಾಲು ಬೇರೆ. ಕೆಲವು ಸಣ್ಣ ಪ್ರಯೋಗಗಳಲ್ಲಿ ಕೋ-ಕ್ಯೂ10ದಿಂದ ಲಾಭ ಕಂಡಿದೆ, ಅವನ್ನೆಲ್ಲ ಕೂಡಿಸಿ ನೋಡಿದ ವಿಶ್ಲೇಷಣೆಗಳು ಒಂದಕ್ಕೊಂದು ವಿರುದ್ಧ. ಅಮೆರಿಕದ ಹೃದ್ರೋಗ ಸಂಘಗಳ 2018ರ ಮಾರ್ಗಸೂಚಿ ಇದನ್ನು ವಾಡಿಕೆಯಾಗಿ ಕೊಡಬೇಡಿ ಎಂದೇ ಹೇಳಿದೆ. ಸ್ಟ್ಯಾಟಿನ್ ಜೊತೆ ಕೋ-ಕ್ಯೂ10 ಕೊಡುವುದಕ್ಕೆ ಮೆರ್ಕ್ ಕಂಪನಿ 1990ರಲ್ಲೇ ಪೇಟೆಂಟ್ ಪಡೆದಿತ್ತು ಎಂದು ವಾಟ್ಸಾಪಿನಲ್ಲಿ ಓಡಾಡುವ ಮಾತು ಸರಿಯೇ. ಆದರೆ ಪೇಟೆಂಟ್ ಎಂದರೆ ಒಂದು ಯೋಚನೆಯ ಮೇಲಿನ ಹಕ್ಕು, ಅದು ಕೆಲಸ ಮಾಡಿತು ಅನ್ನುವುದಕ್ಕೆ ಸಾಕ್ಷಿಯಲ್ಲ.

ಇಷ್ಟಾದರೂ ಒಮ್ಮೆ ನೋಡಿಯೇಬಿಡೋಣ ಅನ್ನುವವರಿಗೆ ಉತ್ಪನ್ನದ ವಿಷಯ. ಒಣಪುಡಿ ತುಂಬಿದ ಗಟ್ಟಿ ಕ್ಯಾಪ್ಸೂಲು ಮತ್ತು ಒತ್ತಿದ ಮಾತ್ರೆ ಅಗ್ಗ, ಆದರೆ ಮೈಗೆ ಹತ್ತುವುದು ಬಹಳ ಕಮ್ಮಿ. ಇದರ ಹರಳು ನೀರಿನಲ್ಲಿ ಕರಗುವುದೇ ಇಲ್ಲ. ಎಣ್ಣೆಯಲ್ಲಿ ಕರಗಿಸಿದ ಮೆತ್ತನೆಯ ಸಾಫ್ಟ್‌ಜೆಲ್ ಮೇಲು. ಒಂದನ್ನು ಬ್ಲೇಡಿನಿಂದ ಸೀಳಿ ತಟ್ಟೆಗೆ ಹಿಂಡಿ ನೋಡಿ. ದಟ್ಟ ಕಿತ್ತಳೆ ಬಣ್ಣದ ಎಣ್ಣೆ ಒಂದೇ ಹದವಾಗಿ ಹರಿಯಬೇಕು. ಬೆರಳ ನಡುವೆ ಉಜ್ಜಿದಾಗ ರವೆಯಂತೆ ಕಾಳು ಸಿಕ್ಕಿದರೆ ಒಳಗೆ ಹರಳುಗಟ್ಟಿದೆ, ಅದರಲ್ಲಿ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಶುದ್ಧ ಕೋ-ಕ್ಯೂ10 ಕರಗುವುದು 48-50 ಡಿಗ್ರಿಯ ಆಸುಪಾಸಿನಲ್ಲಿ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನೊಳಗೆ ಆ ಶಾಖ ಸಲೀಸಾಗಿ ಮುಟ್ಟುತ್ತದೆ, ತಣಿದಾಗ ಮತ್ತೆ ದಪ್ಪ ಹರಳು. ಬೆಳಕಿಗೂ ಇದು ಕೆಡುತ್ತದೆ, ಆದ್ದರಿಂದ ಪಾರದರ್ಶಕ ಡಬ್ಬಿಗಿಂತ ಎರಡೂ ಕಡೆ ಅಲ್ಯೂಮಿನಿಯಂ ಇರುವ ಸ್ಟ್ರಿಪ್ ಒಳ್ಳೆಯದು.

ಯುಬಿಕ್ವಿನಾಲ್ ಎಂದು ಬರೆದು ದುಬಾರಿಗೆ ಮಾರುವುದು ಇದೇ ವಸ್ತುವಿನ ಇನ್ನೊಂದು ರೂಪ. ದೇಹ ಎರಡನ್ನೂ ಒಂದರಿಂದ ಇನ್ನೊಂದಕ್ಕೆ ಬದಲಿಸಿಕೊಳ್ಳುತ್ತದೆ. ನೋವಿಗೆ ಅದು ಹೆಚ್ಚು ಕೆಲಸ ಮಾಡುತ್ತದೆ ಅನ್ನುವ ಆಧಾರವಿಲ್ಲ, ಬೆಲೆಯ ವ್ಯತ್ಯಾಸಕ್ಕೆ ನಮ್ಮ ಒಪ್ಪಿಗೆಯೂ ಇಲ್ಲ.

ಲೇಬಲ್ಲಿನಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ ಇದ್ದರೆ ಅದು ಕಾನೂನಿನ ಲೆಕ್ಕದಲ್ಲಿ ಆಹಾರ ಪೂರಕ, ಔಷಧವಲ್ಲ. ಎಲ್-ಕಾರ್ನಿಟೈನ್, ಲೈಕೋಪೀನ್, ಒಮೆಗಾ-3 ಎಲ್ಲ ಸೇರಿಸಿದ ಕ್ಯಾಪ್ಸೂಲಿನಲ್ಲಿ ಕೋ-ಕ್ಯೂ10 ಕೆಲವೊಮ್ಮೆ ಹೆಸರಿಗಷ್ಟೇ ಇರುತ್ತದೆ. ಎಷ್ಟು ಮಿಗ್ರಾಂ ಎಂದು ಓದಿ, ಸ್ಟ್ರಿಪ್ಪಿನ ಬೆಲೆಯನ್ನು 100 ಮಿಗ್ರಾಂ ಲೆಕ್ಕಕ್ಕೆ ಇಳಿಸಿ ಹೋಲಿಸಿ. ಊಟದಿಂದಲೇ ತುಂಬಿಕೊಳ್ಳೋಣ ಅಂದರೆ ಆಗದ ಮಾತು. ಬಂಗುಡೆ, ಬೂತಾಯಿ, ಕಡಲೆಕಾಯಿ, ಎಳ್ಳಿನಲ್ಲಿ ಇದು ಇದೆ, ಆದರೆ 100 ಗ್ರಾಂ ಕಡಲೆಕಾಯಿಯಲ್ಲಿ ಸಿಗುವುದು ಸುಮಾರು 2.7 ಮಿಗ್ರಾಂ ಮಾತ್ರ. 100 ಮಿಗ್ರಾಂ ಬೇಕೆಂದರೆ ಹತ್ತಿರ ಹತ್ತಿರ ನಾಲ್ಕು ಕಿಲೊ ತಿನ್ನಬೇಕು.

ತಗೊಳ್ಳುವ ರೀತಿ ಹೀಗೆ: 100 ಮಿಗ್ರಾಂ ದಿನಕ್ಕೆ ಎರಡು ಸಲ, ತುಪ್ಪವೋ ಎಣ್ಣೆಯೋ ಇರುವ ಊಟದ ಜೊತೆಯಲ್ಲೇ. ಖಾಲಿ ಹೊಟ್ಟೆಗೆ ಕಾಫಿ ಜೊತೆ ನುಂಗಿದರೆ ದುಡ್ಡು ದಂಡ. ರಕ್ತದಲ್ಲಿ ಮಟ್ಟ ನಿಲ್ಲಲು ಎರಡು ವಾರವಾದರೂ ಬೇಕು, ಆದ್ದರಿಂದ ನಾಲ್ಕು ದಿನಕ್ಕೇ ಫಲ ನೋಡಬೇಡಿ, ಎಂಟು ವಾರ ದಾಟಿಸಲೂ ಬೇಡಿ. ಶುರುವಿನ ದಿನವೇ ನೋವಿಗೆ ಹತ್ತರಲ್ಲಿ ಎಷ್ಟು ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ, ವಾರಕ್ಕೊಮ್ಮೆ ಬರೆಯುತ್ತಾ ಹೋಗಿ, ಕೊನೆಗೆ ಎರಡು ವಾರ ಬಿಟ್ಟು ನೋಡಿ. ಬಿಟ್ಟಾಗ ನೋವು ಮರಳದಿದ್ದರೆ ಮತ್ತೆ ಕೊಳ್ಳುವ ಅಗತ್ಯವಿಲ್ಲ. ಹೊಟ್ಟೆ ತೊಳಸುವುದು, ಭೇದಿ ಕೆಲವರಿಗೆ ಆಗುತ್ತದೆ. ಬಿಪಿ ಮಾತ್ರೆಯವರಿಗೆ ಬಿಪಿ ಕೊಂಚ ಇಳಿಯಬಹುದು.

ವಾರ್ಫರಿನ್ ಅಥವಾ ಅಸಿಟ್ರೋಮ್ ತಗೊಳ್ಳುವವರು ಮಾತ್ರ ಡಾಕ್ಟರಿಗೆ ಹೇಳದೆ ಇದನ್ನು ಮುಟ್ಟಲೇಬಾರದು. ಕೋ-ಕ್ಯೂ10ದ ರಚನೆ ವಿಟಮಿನ್ ಕೆಯನ್ನು ಹೋಲುತ್ತದೆ, ರಕ್ತ ತೆಳುಮಾಡುವ ಮಾತ್ರೆಯ ಬಲ ತಗ್ಗಿಸಬಹುದು. ಹೃದಯದ ಕವಾಟ ಬದಲಿಸಿಕೊಂಡವರಿಗೆ ಅದು ಪ್ರಾಣದ ಪ್ರಶ್ನೆ. ಶುರುಮಾಡಿದರೂ ನಿಲ್ಲಿಸಿದರೂ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗದ ಪರೀಕ್ಷೆ) ನೋಡಿಸಬೇಕು.

ನಮ್ಮನ್ನು ಹೆಚ್ಚು ಕಾಡುವುದು ಕ್ಯಾಪ್ಸೂಲಿನ ಗುಣವಲ್ಲ. ಅದನ್ನು ನುಂಗುತ್ತಾ ಜನ ನೋವಿನ ನಿಜವಾದ ಕಾರಣ ಹುಡುಕುವುದನ್ನೇ ಬಿಡುತ್ತಾರೆ, ಕೆಲವರು ಸ್ಟ್ಯಾಟಿನ್ನನ್ನೇ ಬಿಡುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರು, ಒಮ್ಮೆ ಹೃದಯಾಘಾತವಾದವರು ತಾವಾಗಿ ಹಾಗೆ ಬಿಡುವುದು ದೊಡ್ಡ ಅಪಾಯ. ಎರಡೂ ತೊಡೆ, ಎರಡೂ ಮೀನಖಂಡ ಸಮವಾಗಿ ನೋಯುತ್ತಾ, ಮಾತ್ರೆ ಶುರುವಾದ ಅಥವಾ ಡೋಸು ಏರಿಸಿದ ಕೆಲ ವಾರಗಳಲ್ಲೇ ಬಂದಿದ್ದರೆ ಸ್ಟ್ಯಾಟಿನ್ ಮೇಲೆ ಅನುಮಾನ ನ್ಯಾಯವೇ. ಒಂದೇ ಮಂಡಿ, ಒಂದೇ ಹೆಗಲು ಅಂದರೆ ಬಹುತೇಕ ಅಲ್ಲ. ಕ್ಯಾಪ್ಸೂಲಿನ ದುಡ್ಡಿನಲ್ಲಿ ಮೊದಲು ಸಿ.ಕೆ. (ಸ್ನಾಯು ಕೆಟ್ಟಾಗ ರಕ್ತದಲ್ಲಿ ಏರುವ ಕಿಣ್ವ), ಥೈರಾಯ್ಡಿನ ಟಿಎಸ್‌ಎಚ್, ವಿಟಮಿನ್ ಡಿ ನೋಡಿಸಿ. ಥೈರಾಯ್ಡ್ ಕಮ್ಮಿ ಇದ್ದರೆ ಅದೇ ನೋವೂ ತರುತ್ತದೆ, ಕೊಲೆಸ್ಟ್ರಾಲನ್ನೂ ಏರಿಸುತ್ತದೆ. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಅಥವಾ ಇಟ್ರಕೊನಜೋಲ್ ಎಂಬ ಫಂಗಸ್ ಔಷಧದ ಕೋರ್ಸು ನಡೆದಿತ್ತೇ ನೆನಪಿಸಿಕೊಳ್ಳಿ, ಅವು ಸಿಮ್ವಾಸ್ಟ್ಯಾಟಿನ್ ಮತ್ತು ಅಟೊರ್ವಾಸ್ಟ್ಯಾಟಿನ್ನನ್ನು ರಕ್ತದಲ್ಲಿ ಏರಿಸಿಬಿಡುತ್ತವೆ. ಗ್ರೇಪ್‌ಫ್ರೂಟ್ ರಸಕ್ಕೂ ಅದೇ ಗುಣ. ಅದರ ಹೆತ್ತ ಗಿಡವೇ ನಮ್ಮ ಚಕ್ಕೋತ, ಹಾಗಾಗಿ ದೇವನಹಳ್ಳಿ ಚಕ್ಕೋತವನ್ನು ದಿನವೂ ತಿನ್ನುವವರು ಡಾಕ್ಟರಿಗೆ ಹೇಳಿಬಿಡಿ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿ, ಕೂತಲ್ಲಿಂದ ಏಳಲು ಆಗದಷ್ಟು ಸೋಲು ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಕೋ-ಕ್ಯೂ10ಕ್ಕೆ ಕೆಲಸವಿಲ್ಲ.

ಸ್ಟ್ಯಾಟಿನ್ನೇ ಕಾರಣ ಎಂದು ಗೊತ್ತಾದರೂ ದಾರಿ ಮುಗಿಯುವುದಿಲ್ಲ. ಡಾಕ್ಟರು ಡೋಸು ಇಳಿಸಿ, ಕರುಳು ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುವ ಎಜೆಟಿಮೈಬ್ ಸೇರಿಸಬಹುದು. ಸ್ನಾಯುವಿನಲ್ಲಿ ಚುರುಕಾಗದೆ ಲಿವರಿನಲ್ಲಿ ಮಾತ್ರ ಚುರುಕಾಗುವ ಬೆಂಪೆಡೊಯಿಕ್ ಆಮ್ಲ ಕೊಡಬಹುದು. ಇಲ್ಲವೇ ಸುಮಾರು 19 ಗಂಟೆಯ ನಂತರವೂ ರಕ್ತದಲ್ಲಿ ಅರ್ಧದಷ್ಟು ಉಳಿದಿರುವ ರೋಸುವಾಸ್ಟ್ಯಾಟಿನ್ 5 ಮಿಗ್ರಾಂ ಅನ್ನು ದಿನ ಬಿಟ್ಟು ದಿನ ಕೊಟ್ಟು, ಆರೆಂಟು ವಾರದಲ್ಲಿ ಎಲ್‌ಡಿಎಲ್ ಮತ್ತೆ ಅಳೆಯಬಹುದು.