ಹಾರ್ಡ್‌ಡಿಸ್ಕ್ ಬಿಚ್ಚಿ ಹಾಕಿದ್ಮೇಲೆ ಬೂಟ್ ಆಗ್ತಿಲ್ಲ: ಫಾರ್ಮ್ಯಾಟಾ, ರಿಪೇರಿನಾ, ಬಯೋಸಾ?

ಮದುವೆ ಫೋಟೋ ಕಾಪಿ ಮಾಡ್ಕೊಡೋಕೆ ಅಂತ ನಮ್ಮ ಹಳೇ ಡೆಸ್ಕ್‌ಟಾಪಿನ ಹಾರ್ಡ್‌ಡಿಸ್ಕ್ ಬಿಚ್ಕೊಂಡು, ಟವಲಲ್ಲಿ ಸುತ್ತಿ, ಬಸ್ಸಲ್ಲಿ ಮಂಡ್ಯಕ್ಕೆ ಬಾಮೈದನ ಮನೆಗೆ ತಗೊಂಡ್ಹೋಗಿದ್ದೆ. ಎರಡು ದಿನ ಬಿಟ್ಟು ಕುವೆಂಪುನಗರಕ್ಕೆ ವಾಪಸ್ ಬಂದು ಹಾಕಿದ್ರೆ ವಿಂಡೋಸ್ ಬರ್ತಾನೇ ಇಲ್ಲ, ಆನ್ ಮಾಡಿದ್ರೆ ಸೀದಾ ಬಯೋಸ್ (ವಿಂಡೋಸಿಗೂ ಮುಂಚೆ ಓಡೋ, ಕಂಪ್ಯೂಟರಿನ ಮೂಲ ಸೆಟ್ಟಿಂಗ್ಸ್ ಇರೋ ಪ್ರೋಗ್ರಾಂ) ಸ್ಕ್ರೀನಿಗೆ ಹೋಗಿ ನಿಂತ್ಕೊಳ್ಳುತ್ತೆ. ಬಾಮೈದಂಗೆ ಫೋನ್ ಮಾಡಿದ್ರೆ "ಭಾವ, ನಮ್ಮನೇಲಿ ಸರ್ಯಾಗೇ ಓದ್ತಿತ್ತಲ್ಲ, ಬಸ್ಸಲ್ಲಿ ಎಲ್ಲಾರ ಬೀಳ್ಸುಬುಟ್ರಾ?" ಅಂದ.

ಮೊದ್ಲು ಕೇಬಲ್ ನೋಡ್ದೆ. ಡಿಸ್ಕನ್ನ ಮದರ್‌ಬೋರ್ಡಿಗೆ ಸೇರ್ಸೋ ಸಾಟಾ ಡೇಟಾ ಕೇಬಲ್ ಒಂದ್ಚೂರು ಎದ್ದಿದ್ರೂ ಡಿಸ್ಕ್ ತಿರುಗೋ ಸದ್ದೇನೋ ಬರುತ್ತೆ ಆದ್ರೆ ಬಯೋಸಲ್ಲಿ ಅದರ ಹೆಸರು ಬರಲ್ಲ. ನಂದ್ರಲ್ಲಿ 1 ಟಿಬಿ ಅಂತ ಹೆಸರು ಕಾಣ್ತಿತ್ತು, ಅಂದ್ರೆ ಕೇಬಲ್ ಅಲ್ಲ. ಐದು ನಿಮಿಷದ ಕೆಲಸ, ಖರ್ಚಿಲ್ಲ, ಯಾರೇ ಆದ್ರೂ ಇದನ್ನೇ ಮೊದ್ಲು ಮಾಡಿ.

ಆಮೇಲೆ ತಾಳ್ಮೆ ಇಲ್ದೆ ಅಂಗಡಿಗೆ ಹೊತ್ಕೊಂಡ್ಹೋದೆ, ಯಾವ್ದು ಅಂತ ಬೇಡ. ಹುಡುಗ ಪೆನ್‌ಡ್ರೈವ್ ಹಾಕಿ ಇನ್‌ಸ್ಟಾಲ್ ಶುರು ಮಾಡ್ದ, ಡಿಸ್ಕ್ ಸೆಲೆಕ್ಟ್ ಮಾಡೋ ಕಡೆ "ಈ ಡಿಸ್ಕಲ್ಲಿ ಎಂಬಿಆರ್ ಪಾರ್ಟಿಷನ್ ಇದೆ, ಜಿಪಿಟಿ ಡಿಸ್ಕಿಗೆ ಮಾತ್ರ ವಿಂಡೋಸ್ ಹಾಕ್ಬೋದು" ಅನ್ನೋ ಅರ್ಥದ ಮೆಸೇಜ್ ಬಂತು. ಎಂಬಿಆರ್, ಜಿಪಿಟಿ ಅಂದ್ರೆ ಡಿಸ್ಕಿನ ಭಾಗಗಳ ಲೆಕ್ಕ ಬರೆದಿಡೋ ಹಳೇ ಪದ್ಧತಿ, ಹೊಸ ಪದ್ಧತಿ. "ಸಾರ್, ಎಲ್ಲಾ ಪಾರ್ಟಿಷನ್ ಡಿಲೀಟ್ ಮಾಡ್ಬೇಕು, 600 ಆಗುತ್ತೆ" ಅಂದ. ಹತ್ತು ವರ್ಷದ ಫೋಟೋ ಇದೆ ಕಣಪ್ಪಾ ಅಂತ ಎತ್ಕೊಂಡು ಬಂದ್ಬಿಟ್ಟೆ. ಅವನು ಕ್ಲಿಕ್ ಮಾಡಿದ್ರೆ ಕಂಪ್ಯೂಟರ್ ಆನ್ ಆಗ್ತಿತ್ತು, ಅದು ನಿಜ, ಆದ್ರೆ ಆ ಮೆಸೇಜಲ್ಲೇ ಉತ್ತರ ಇತ್ತು ಅಂತ ಅವನಿಗೂ ಹೊಳೀಲಿಲ್ಲ, ನಂಗೂ ಹೊಳೀಲಿಲ್ಲ.

ಮನೇಲಿ ಉಬುಂಟು (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಪೆನ್‌ಡ್ರೈವಿಂದ ಬೂಟ್ ಮಾಡ್ದೆ, ಇನ್‌ಸ್ಟಾಲ್ ಮಾಡೋದೇನೂ ಬೇಡ, ಬರೀ ಟ್ರೈ ಅಂತ ಒತ್ತಿದ್ರೆ ಸಾಕು. ಫೋಲ್ಡರೆಲ್ಲ ಹಾಗ್ಹಾಗೇ ಇತ್ತು! ಎಕ್ಸ್‌ಟರ್ನಲ್‌ಗೆ ಕಾಪಿ ಹಾಕಿ ಊಟಕ್ಕೆ ಕೂತೆ. ಬೂಟ್ ಪ್ರಾಬ್ಲಂ ಇದರಿಂದ ಸರಿಹೋಗಲ್ಲ, ಆದ್ರೆ ಡೇಟಾ ಕೈಗೆ ಬಂದ್ಮೇಲೆ ಎದೆಬಡಿತ ಕಮ್ಮಿಯಾಗುತ್ತೆ.

ವಿಂಡೋಸಿನ ಸ್ಟಾರ್ಟಪ್ ರಿಪೇರಿ ಅಂತೂ ಟೈಮ್ ವೇಸ್ಟು. ಅರ್ಧ ಗಂಟೆ ಚುಕ್ಕಿ ತಿರುಗ್ಸಿ ಆಗಲ್ಲ ಅಂತು. ಕಮಾಂಡ್ ಪ್ರಾಂಪ್ಟಲ್ಲಿ ಬೂಟ್ ಸರಿಮಾಡೋ ಬೂಟ್‌ರೆಕ್ ಕಮಾಂಡ್ ಕೊಟ್ರೆ ಅದರ ಫಿಕ್ಸ್‌ಬೂಟ್‌ಗೆ ಆಕ್ಸೆಸ್ ಡಿನೈಡ್, ಡಿಸ್ಕಲ್ಲಿರೋ ವಿಂಡೋಸ್ ಹುಡುಕಿ ಬೂಟ್ ಪಟ್ಟಿ ಮತ್ತೆ ಕಟ್ಟೋ ರೀಬಿಲ್ಡ್ ಬಿಸಿಡಿಗೆ ಸಿಕ್ಕಿದ ವಿಂಡೋಸ್ ಸೊನ್ನೆ. ಕಣ್ಣೆದುರಿಗೆ ಸಿ ಡ್ರೈವ್ ಇದೆ, ಸೊನ್ನೆ ಅಂತೆ!

ಸುಸ್ತಾಗಿ ರೀಸ್ಟಾರ್ಟ್ ಮಾಡಿ ಬಯೋಸ್ ಸ್ಕ್ರೀನ್ ನೋಡ್ತಾ ಕೂತಿದ್ದಾಗ ಮೂಲೇಲಿ ತಾರೀಖು ಕಾಣ್ತು, 2014ರ ಜನವರಿ 1. ಅಲ್ಲಿಗೆ ಅರ್ಥ ಆಯ್ತು. ಬಯೋಸಿನ ತಾರೀಖು, ಸೆಟ್ಟಿಂಗ್ಸ್ ಮರೀದ ಹಾಗೆ ನೋಡ್ಕೊಳ್ಳೋಕೆ ಮದರ್‌ಬೋರ್ಡ್ ಮೇಲಿರೋ ಸಿಆರ್2032 ಬ್ಯಾಟ್ರಿ, ಕೈಗಡಿಯಾರದ್ದಕ್ಕಿಂತ ದೊಡ್ಡ ಬಿಲ್ಲೆ, 3 ವೋಲ್ಟಿಂದು, ಯಾವಾಗ್ಲೋ ಸತ್ತೋಗಿತ್ತು. ಪ್ಲಗ್ ಹಾಕಿರೋವರೆಗೂ ಪವರ್ ಸಪ್ಲೈ ಸೆಟ್ಟಿಂಗ್ಸ್ ಹಿಡ್ಕೊಂಡಿರುತ್ತೆ, ಡಿಸ್ಕ್ ಬಿಚ್ಚೋಕೆ ವೈರ್ ಕಿತ್ತೆನಲ್ಲ, ಎರಡು ದಿನದಲ್ಲಿ ಎಲ್ಲಾ ಮರೆತು ಡಿಫಾಲ್ಟಿಗೆ ಹೋಗಿದೆ. ಈ ಬೋರ್ಡಿನ ಡಿಫಾಲ್ಟ್ ಯುಇಎಫ್‌ಐ, ಅಂದ್ರೆ ವಿಂಡೋಸಿಗೆ ಜಿಪಿಟಿ ಡಿಸ್ಕ್ ಕೇಳೋ ಹೊಸ ಬೂಟ್ ವಿಧಾನ, ನನ್ನ ಡಿಸ್ಕ್ ಹಳೇ ಎಂಬಿಆರ್, ಲೆಗಸಿ ಅನ್ನೋ ಹಳೇ ವಿಧಾನದಲ್ಲಿ ಹಾಕಿದ್ದು. ಅಂಗಡೀಲಿ ಬಂದ ಮೆಸೇಜ್ ಹೇಳ್ತಿದ್ದಿದ್ದೂ ಇದನ್ನೇ. ಹಳೇ ವಿಧಾನಕ್ಕೆ ಅವಕಾಶ ಕೊಡೋ ಸಿಎಸ್‌ಎಂ ಅನ್ನೋ ಸೆಟ್ಟಿಂಗ್ ಎನೇಬಲ್ ಮಾಡಿ, ಸೇವ್ ಮಾಡಿ ಹೊರಗೆ ಬಂದೆ, ವಿಂಡೋಸ್ ಏನೂ ಆಗ್ದೇ ಇರೋ ಹಾಗೆ ಎದ್ದು ಬಂತು. ಬ್ಯಾಟ್ರಿಗೆ 40 ರೂಪಾಯಿ.

ಇಲ್ಲಿಗೇ ಬಿಡ್ಬೋದಿತ್ತು. ಆದ್ರೆ ಬ್ಯಾಟ್ರಿ ಮತ್ತೆ ಸತ್ರೆ ಇದೇ ಗೋಳು, ಅದಕ್ಕೆ ವಿಂಡೋಸ್ 10ರಲ್ಲೇ ಇರೋ ಎಂಬಿಆರ್‌ಟುಜಿಪಿಟಿ ಟೂಲ್ ಟ್ರೈ ಮಾಡ್ದೆ. ಅದು ಡೇಟಾ ಅಳಿಸದೇನೇ ಡಿಸ್ಕನ್ನ ಜಿಪಿಟಿಗೆ ಬದಲಾಯ್ಸುತ್ತೆ, ಮೊದ್ಲು ವ್ಯಾಲಿಡೇಟ್ ಕೊಟ್ಟು ಓಕೆ ಅಂದ್ಮೇಲೆ ಕನ್ವರ್ಟ್ ಕೊಡ್ಬೇಕು. ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಜಾಸ್ತಿ ಇದ್ರೆ ಆಗಲ್ಲ ಅನ್ನುತ್ತೆ, ನಂದ್ರಲ್ಲಿ ಸರಿಯಾಗಿ ಮೂರೇ ಇತ್ತು. ಬ್ಯಾಕಪ್ ಇಲ್ದೆ ಮಾತ್ರ ಕೈ ಹಾಕ್ಬೇಡಿ. ಮುಗಿದ್ಮೇಲೆ ಸಿಎಸ್‌ಎಂ ತೆಗೆದೆ, ಬೇಕಂತಲೇ ಬ್ಯಾಟ್ರಿ ಕಿತ್ತು, ಪ್ಲಗ್ಗೂ ಕಿತ್ತು, ಕಾಫಿ ಕುಡ್ಕೊಂಡು ಬಂದು ಆನ್ ಮಾಡ್ದೆ. ತಾರೀಖು ಮತ್ತೆ 2014ಕ್ಕೆ ಹೋಗಿತ್ತು, ವಿಂಡೋಸ್ ಮಾತ್ರ ಬಂತು.