ಕಡಿಮೆ ಬೆಲೆಯ ಬಯೋನಿಕ್ ಕೈ: ಬೆರಳು ಆಮೇಲೆ, ಮೊದಲು ಸಾಕೆಟ್ ನೋಡಿ

ನನಗೆ ಬಲಗೈ ಮೊಣಕೈ ಕೆಳಗೆ ಇಲ್ಲ. ಮಂಡ್ಯ ಕಡೆ ದಿನಸಿ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ದೇಶದಲ್ಲೇ ತ್ರೀಡಿ ಪ್ರಿಂಟಿಂಗ್‌ನಲ್ಲಿ ಮಾಡಿದ ಬಯೋನಿಕ್ ಕೈ ಹಾಕಿಕೊಳ್ಳಲು ಶುರುಮಾಡಿ ಎರಡು ವರ್ಷಕ್ಕೂ ಜಾಸ್ತಿಯಾಯಿತು. ಕಂಪನಿ ಹೆಸರು ಬೇಡ. ಇದರ ಗುಣದೋಷ ಬಹುಪಾಲು ಈ ಬಗೆಯ ಎಲ್ಲ ಕೈಗಳಿಗೂ ಇದ್ದದ್ದೇ.

ಸ್ನಾಯು ಬಿಗಿಯಾದಾಗ ಚರ್ಮದ ಮೇಲೆ ಸಣ್ಣ ವಿದ್ಯುತ್ ಸಂಕೇತ ಹುಟ್ಟುತ್ತದೆ. ಉಳಿದ ತೋಳನ್ನು ತೂರಿಸುವ ಗೂಡಿಗೆ ಸಾಕೆಟ್ ಅನ್ನುತ್ತಾರೆ. ಅದರೊಳಗಿನ ಸೆನ್ಸರ್ ಈ ಸಂಕೇತ ಹಿಡಿದು ಮೋಟರ್ ಓಡಿಸುತ್ತದೆ. ಒಂದು ಸೆನ್ಸರ್ ಮುಚ್ಚಲು, ಇನ್ನೊಂದು ತೆರೆಯಲು. ಇಲ್ಲದ ಮುಷ್ಟಿಯನ್ನು ಬಿಗಿ ಹಿಡಿದಂತೆ ಮಾಡಬೇಕು. ಮೊದಮೊದಲು ಭುಜವೆಲ್ಲ ನೋವು, ಆಮೇಲೆ ರೂಢಿಯಾಯಿತು.

ಅಂಗಡಿಯಲ್ಲಿ ನಿಜಕ್ಕೂ ಉಪಯೋಗವಿದೆ. ಈ ಕೈ ಕವರ್ ಹಿಡಿದಿರುತ್ತದೆ, ಎಡಗೈ ಅಕ್ಕಿ ಸುರಿಯುತ್ತದೆ. ಆದರೆ ಎಷ್ಟು ಜೋರಾಗಿ ಒತ್ತುತ್ತಿದೆ ಅನ್ನೋದು ನನಗೆ ಗೊತ್ತಾಗುವುದಿಲ್ಲ, ಕಣ್ಣಲ್ಲೇ ನೋಡಬೇಕು. ಹಾಗಾಗಿ ಮೊಟ್ಟೆ ಎಡಗೈ ಪಾಲು. ಮುದ್ದೆ ಮುರಿಯೋದಂತೂ ಇದಕ್ಕೆ ಆಗದ ಮಾತು. ಮದುವೆ ಪಂಕ್ತಿಯಲ್ಲಿ ಎಡಗೈ ಊಟ ನೋಡಿ ಮುಖ ಸಿಂಡರಿಸುವವರು ಸಿಂಡರಿಸಲಿ ಬಿಡಿ. ಜಾಹೀರಾತಿನಲ್ಲಿ ತೋರಿಸುವ ಬಗೆಬಗೆಯ ಹಿಡಿತದಲ್ಲಿ ನನಗೆ ದಿನಾ ಬೇಕಾಗುವುದು ಎರಡೇ: ಮುಷ್ಟಿ ಮತ್ತು ಚಿವುಟು.

ತಲೆನೋವೆಲ್ಲ ಸಾಕೆಟ್‌ನದು. ಕೈ ಕಳೆದುಕೊಂಡ ಮೊದಲ ತಿಂಗಳುಗಳಲ್ಲಿ ಊತ ಇಳಿಯುತ್ತದೆ, ಸ್ನಾಯು ಸೊರಗುತ್ತದೆ. ಅಳತೆ ತೆಗೆದಾಗ ಸರಿಯಿದ್ದ ಸಾಕೆಟ್ ಆಮೇಲೆ ಸಡಿಲ. ಸಡಿಲವಾದರೆ ಸೆನ್ಸರ್ ಜಾಗ ತಪ್ಪುತ್ತದೆ. ಬೇಸಿಗೆ ಬೆವರಿಗೂ ಅದೇ ಕಥೆ. ಗಿರಾಕಿ ಎದುರಿಗೇ ಕೈ ತಾನಾಗಿ ತೆರೆದುಕೊಂಡು ಬೇಳೆ ನೆಲಕ್ಕೆ ಚೆಲ್ಲಿದೆ.

ರಿಪೇರಿ ಇನ್ನೊಂದು ಗೋಳು. ಬೆರಳು ಮುರಿದಾಗ ಇಡೀ ಕೈಯನ್ನೇ ಕೊರಿಯರ್ ಮಾಡಿ ವಾರಗಟ್ಟಲೆ ಕಾದೆ. ಸುಮ್ನೆ ಯೋಚಿಸಿ, 2011ರಲ್ಲಿ ಬೆರಳು ಕಳೆದುಕೊಂಡ ದಕ್ಷಿಣ ಆಫ್ರಿಕಾದ ಬಡಗಿ ರಿಚರ್ಡ್ ವ್ಯಾನ್ ಆಸ್, ಅಮೆರಿಕದ ಐವನ್ ಓವನ್ ಜೊತೆ ಸೇರಿ ರೂಪಿಸಿದ ಕೈಯ ವಿನ್ಯಾಸವನ್ನು 2013ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ನನ್ನ ಕೈಯ ಫೈಲ್ ಹಾಗೆ ಸಿಕ್ಕಿದ್ದರೆ ಇಲ್ಲೇ ಯಾವುದಾದರೂ ಇಂಜಿನಿಯರಿಂಗ್ ಕಾಲೇಜಿನ ಪ್ರಿಂಟರ್‌ನಲ್ಲಿ ಬೆರಳು ಮಾಡಿಸಬಹುದಿತ್ತು, ಅಲ್ವಾ? ಹಾಗೆ ಮಾಡಿಸುವವರು ಇಂಥ ಪ್ರಿಂಟರ್‌ಗಳಲ್ಲಿ ಹೆಚ್ಚಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಬೇಡವೆನ್ನಿ. ಅದು 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಸೊಟ್ಟಗಾಗಬಹುದು.

ಗದ್ದೆ, ನೀರಿನ ಕೆಲಸ ಮಾಡುವವರಿಗೆ ಬಯೋನಿಕ್ ಕೈ ತೆಗೆದುಕೊಳ್ಳಿ ಎಂದು ಹೇಳಲಾರೆ. ರೋಟರಿ ಶಿಬಿರಗಳಲ್ಲಿ ಉಚಿತವಾಗಿ ಕೊಡುವ ಎಲ್‌ಎನ್-4 ಕೈ ಮೊದಲು ಹಾಕಿ ನೋಡಿ. ಮೋಟರ್ ಇಲ್ಲ, ಚಾರ್ಜ್ ಬೇಡ. ಬೆರಳನ್ನು ಇನ್ನೊಂದು ಕೈಯಿಂದ ಹೊಂದಿಸಿಕೊಳ್ಳಬೇಕು, ಅಷ್ಟೆ. ಮನೆಯಲ್ಲಿ ನಾನು ಹಾಕುವುದು ಅದನ್ನೇ.

ಬಯೋನಿಕ್ಕೇ ಬೇಕು ಅನ್ನುವವರು ದುಡ್ಡು ಕಟ್ಟುವ ಮೊದಲು ಎರಡನೇ ಸಾಕೆಟ್‌ಗೆ ಎಷ್ಟು, ರಿಪೇರಿ ಎಲ್ಲಿ ಎಂದು ಬರೆಸಿಕೊಳ್ಳಿ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ.