ಮನೆಯ ಕಾರ್ ಚಾರ್ಜರ್ ಬದಲಿಸಲು 52,280 ರೂಪಾಯಿ: ಬಳ್ಳಾರಿಯಿಂದ ಒಂದು ಲೆಕ್ಕ

ಬಳ್ಳಾರಿಯ ನಮ್ಮ ಮನೆಯಲ್ಲಿ ಎಲೆಕ್ಟ್ರಿಕ್ ಕಾರಿನೊಂದಿಗೇ ಬಂದಿದ್ದ 7.2 ಕಿಲೋವ್ಯಾಟಿನ ಗೋಡೆ ಚಾರ್ಜರ್, ವಾರಂಟಿ ಮುಗಿದು ಕೆಲವು ತಿಂಗಳಾಗಿದ್ದಾಗ, ಮೂರನೆಯ ಬೇಸಿಗೆಯಲ್ಲಿ ಕೆಟ್ಟಿತು. ಮೊದಮೊದಲು ಚಾರ್ಜಿಂಗ್ ನಡುವೆ ನಿಂತುಹೋಗುತ್ತಿತ್ತು. ಕೊನೆಗೆ ಕೆಂಪು ದೀಪ ಹೊತ್ತಿಕೊಂಡದ್ದು ಆರಲೇ ಇಲ್ಲ. ಕಂಪನಿಯ ಸೇವೆಯನ್ನೂ ಊರಿನ ಪರವಾನಗಿ ಪಡೆದ ಎಲೆಕ್ಟ್ರಿಕಲ್ ಗುತ್ತಿಗೆದಾರರೊಬ್ಬರ ಕೆಲಸವನ್ನೂ ಈ ನೆಪದಲ್ಲಿ ಹತ್ತಿರದಿಂದ ನೋಡಿದ್ದರಿಂದ, ಎರಡರ ಬಗೆಗೂ ಬರೆಯುತ್ತಿದ್ದೇನೆ.

ನಾನು ಕರೆ ಮಾಡಿದ ನಾಲ್ಕನೆಯ ದಿನ ಕಂಪನಿಯ ತಂತ್ರಜ್ಞರು ಬಂದರು. ಭೇಟಿಯ ಶುಲ್ಕ ಜಿಎಸ್‌ಟಿ ಸೇರಿ 1,180 ರೂಪಾಯಿ. ಹತ್ತು ನಿಮಿಷ ನೋಡಿ, ಒಳಗಿನ ಬೋರ್ಡ್ ಹೋಗಿದೆ, ಬೋರ್ಡನ್ನು ಬಿಡಿಯಾಗಿ ಮಾರುವುದಿಲ್ಲ, ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕು ಎಂದರು. ಏಕೆ ಹೋಯಿತೆಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಮರುದಿನ ಬಂದ ದರಪಟ್ಟಿಯಲ್ಲಿ ಪೆಟ್ಟಿಗೆಗೆ 38,000 ಮತ್ತು ಶೇಕಡಾ 5ರ ಜಿಎಸ್‌ಟಿ ಸೇರಿ 39,900, ಹೊಸ ಕೇಬಲ್, ಹೊಸ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿತಗೊಳಿಸುವ ಸ್ವಿಚ್), ಕೂಲಿ ಎಲ್ಲ ಕೂಡಿದ ಅಳವಡಿಕೆಗೆ ಶೇಕಡಾ 18ರ ಜಿಎಸ್‌ಟಿ ಸೇರಿ 16,520 ಎಂದಿತ್ತು. ಭೇಟಿಯ ಶುಲ್ಕವೂ ಕೂಡಿದರೆ ಒಟ್ಟು 57,600. ಮೂರು ವರ್ಷವೂ ಆಗದ ತಾಮ್ರದ ಕೇಬಲನ್ನು ಕಿತ್ತು ಬೇರೆ ಎಳೆಯುವುದೇಕೆ ಎಂದು ಕೇಳಿದಾಗ, ಪ್ಯಾಕೇಜ್ ಇರುವುದೇ ಹಾಗೆ ಎಂದರು. ಈ ಮಾತು ನನಗೆ ಒಪ್ಪಿಗೆಯಾಗಲಿಲ್ಲ.

ಗೋಡೆಯ ಮೇಲಿನ ಈ ಪೆಟ್ಟಿಗೆಯನ್ನು ನಾವೆಲ್ಲ ಚಾರ್ಜರ್ ಎಂದು ಕರೆದರೂ, ಎಸಿ ವಿದ್ಯುತ್ತನ್ನು ಡಿಸಿಯಾಗಿಸಿ ಬ್ಯಾಟರಿಗೆ ತುಂಬುವ ನಿಜವಾದ ಚಾರ್ಜರ್ ಕಾರಿನೊಳಗೇ ಇರುತ್ತದೆ. ಪೆಟ್ಟಿಗೆಯ ಕೆಲಸವೆಂದರೆ ಅರ್ಥಿಂಗ್ ಸರಿಯಿದೆಯೇ, ಸೋರಿಕೆ ಇದೆಯೇ ಎಂದು ನೋಡುವುದು, ಎಷ್ಟು ಆಂಪಿಯರ್ ಎಳೆಯಬಹುದೆಂದು ಕಾರಿಗೆ ಸಂಕೇತ ಕೊಡುವುದು, ಎಲ್ಲ ಸರಿಯಿದ್ದರೆ ಕಾಂಟ್ಯಾಕ್ಟರ್ ಎಂಬ ಒಳಗಿನ ಸ್ವಿಚ್ಚನ್ನು ಜೋಡಿಸಿ ವಿದ್ಯುತ್ತನ್ನು ಹಾಯಿಸುವುದು. ಇಷ್ಟಕ್ಕಾಗಿರುವ ಉಪಕರಣದಲ್ಲಿ ಒಂದು ಬೋರ್ಡ್ ಹೋದರೆ ಇಡೀ ಪೆಟ್ಟಿಗೆಯನ್ನೇ ಕೊಳ್ಳಬೇಕೆನ್ನುವುದು ಗ್ರಾಹಕರಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಗುತ್ತಿಗೆದಾರರು ಬಂದವರೇ ಮೊದಲು ಹಳೆಯ ಪೆಟ್ಟಿಗೆಯನ್ನು ಬಿಚ್ಚಿದರು. ಬೋರ್ಡಿನ ಮೇಲಿದ್ದ ನ್ಯೂಟ್ರಲ್ ಟರ್ಮಿನಲ್ ಸುಟ್ಟು ಕಪ್ಪಾಗಿತ್ತು. ಗೀಸರ್ ಕಾಲು ಗಂಟೆ ಉರಿದು ನಿಲ್ಲುತ್ತದೆ, ಇದು ಗಂಟೆಗಟ್ಟಲೆ 32 ಆಂಪಿಯರ್ ಎಳೆಯುತ್ತದೆ, ಸ್ಕ್ರೂ ತುಸು ಸಡಿಲವಾದರೂ ಅಲ್ಲಿಯೇ ಕಾಯಲು ಶುರುವಾಗುತ್ತದೆ ಎಂದು ಅವರು ವಿವರಿಸಿದರು. ಪೆಟ್ಟಿಗೆಯಿದ್ದದ್ದು ಪಡುವಣ ಗೋಡೆಯ ಮೇಲೆ. ನಮ್ಮೂರಿನ ಏಪ್ರಿಲ್‌ನ ಸಂಜೆ ಬಿಸಿಲನ್ನು ಬಲ್ಲವರಿಗೆ ಉಳಿದದ್ದನ್ನು ಹೇಳಬೇಕಿಲ್ಲ. ಅನಂತರ ಕೇಬಲನ್ನು ಮೆಗ್ಗರ್ ಎಂಬ ಇನ್ಸುಲೇಷನ್ ಅಳೆಯುವ ಉಪಕರಣದಿಂದ ಪರೀಕ್ಷಿಸಿ ಚೆನ್ನಾಗಿದೆ ಎಂದರು. ಆರ್‌ಸಿಸಿಬಿಯೂ ಸರಿಯಿತ್ತು. ಕೆಟ್ಟಿದ್ದು ಅರ್ಥಿಂಗ್: ನೆಲದಡಿ ಕಲ್ಲೇ ಹೆಚ್ಚಿರುವ ನಮ್ಮ ನಿವೇಶನದಲ್ಲಿ ಗುಂಡಿ ಒಣಗಿ, ಕಡಿಮೆಯಿದ್ದಷ್ಟೂ ಒಳ್ಳೆಯದಾದ ಅಳತೆ 11 ಓಮ್ ತೋರಿಸಿತು. ಕಂಪನಿಯ ದರಪಟ್ಟಿಯಲ್ಲಿ ಅರ್ಥಿಂಗ್ ಎಂಬ ಪದವೇ ಇರಲಿಲ್ಲ. ಆ ಪ್ಯಾಕೇಜನ್ನು ಒಪ್ಪಿಕೊಂಡಿದ್ದರೆ ಸರಿಯಿದ್ದದ್ದೆಲ್ಲ ಬದಲಾಗಿ, ಕೆಟ್ಟದ್ದು ಹಾಗೆಯೇ ಉಳಿಯುತ್ತಿತ್ತು.

ಹೊಸ ಪೆಟ್ಟಿಗೆಯನ್ನಷ್ಟೇ ಕಂಪನಿಯಿಂದ ಕೊಂಡೆ. ಬೇರೆಯವರು ಅಳವಡಿಸಿದರೂ ಪರೀಕ್ಷಾ ವರದಿ ಕೊಟ್ಟರೆ ವಾರಂಟಿ ಉಳಿಯುತ್ತದೆಂದು ಅವರಿಂದ ಬರವಣಿಗೆಯಲ್ಲಿ ಪಡೆದುಕೊಂಡ ಮೇಲೆಯೇ ಹಣ ಕಟ್ಟಿದೆ. ಹೊಸ ಅರ್ಥಿಂಗ್ ಗುಂಡಿಗೆ 5,800, ವೋಲ್ಟೇಜ್ ಒಮ್ಮೆಲೇ ಏರಿದಾಗ ಕಾಯುವ ಸರ್ಜ್ ಪ್ರೊಟೆಕ್ಟರ್‌ಗೆ 3,400, ಪೆಟ್ಟಿಗೆಯನ್ನು ನೆರಳಿರುವ ಪೋರ್ಟಿಕೊಗೆ ಸ್ಥಳಾಂತರಿಸಿದ್ದೂ ಸೇರಿ ಕೂಲಿ 2,000 ಆಯಿತು. ಹೊಸ ಜಾಗ ಮೀಟರಿಗೆ ಹತ್ತಿರವಾದ್ದರಿಂದ ಹಳೆಯ ಕೇಬಲೇ ಸಾಕಾಗಿ ಮಿಕ್ಕಿತು. ಸಾಮರ್ಥ್ಯ ಮೊದಲಿನಷ್ಟೇ ಇದ್ದುದರಿಂದ ನಮಗೆ ವಿದ್ಯುತ್ ಪೂರೈಸುವ ಜೆಸ್ಕಾಂನಲ್ಲಿ ಲೋಡ್ ಹೆಚ್ಚಿಸುವ ಪ್ರಮೇಯ ಬರಲಿಲ್ಲ. ಭೇಟಿಯ ಶುಲ್ಕವೂ ಸೇರಿ 52,280 ರೂಪಾಯಿ. ಉಳಿದದ್ದು ಐದು ಸಾವಿರದ ಚಿಲ್ಲರೆ ಮಾತ್ರ, ಆದರೆ ಈಗ ಅರ್ಥಿಂಗ್ ಅಳತೆ 2 ಓಮ್‌ಗಿಂತ ಕಡಿಮೆಯಿದೆ.

ಈ ಖರ್ಚು ಎಲ್ಲರಿಗೂ ಬೇಕೇ ಎಂದರೆ, ಬೇಡ. ತೋರಣಗಲ್ಲಿನ ಕೆಲಸಕ್ಕೆ ದಿನವೂ ಹೋಗಿಬರುವ ಅರವತ್ತು ಕಿಲೋಮೀಟರಿಗೆ 16 ಆಂಪಿಯರ್ ಸಾಕೆಟ್ಟಿನ 3.3 ಕಿಲೋವ್ಯಾಟ್ ಚಾರ್ಜಿಂಗ್ ರಾತ್ರಿ ಮೂರು ಗಂಟೆ ನಡೆದರೆ ಸಾಕು. ಪೆಟ್ಟಿಗೆ ಕೆಟ್ಟಿದ್ದ ಮೂರು ವಾರ ನಾನು ಹಾಗೆಯೇ ನಿಭಾಯಿಸಿದೆ. ಆದರೆ ತಾಯಿಯ ಚಿಕಿತ್ಸೆಗೆಂದು ಕೊಪ್ಪಳಕ್ಕೆ ಹೋಗಿ ರಾತ್ರಿ ಹನ್ನೊಂದಕ್ಕೆ ಮರಳಿ, ಬೆಳಗಿನ ಐದಕ್ಕೆ ಮತ್ತೆ ಹೊರಡಬೇಕಾದ ದಿನಗಳು ನಮ್ಮಲ್ಲಿವೆ. 35 ಯೂನಿಟ್ಟಿನ ಬ್ಯಾಟರಿ ಆ ಆರು ಗಂಟೆಗಳಲ್ಲಿ ಸಾಕೆಟ್ಟಿನಿಂದ ತುಂಬುವುದಿಲ್ಲ. ಅಂಥ ಅವಸರವಿಲ್ಲದವರು, ಪೆಟ್ಟಿಗೆ ಕೆಟ್ಟಾಗ, ಮೊದಲು ಅರ್ಥಿಂಗ್ ಸರಿಪಡಿಸಿಕೊಂಡು ಕೆಲವು ತಿಂಗಳು ಸಾಕೆಟ್ಟಿನಲ್ಲೇ ನಡೆಸಿ ನೋಡುವುದು ಒಳ್ಳೆಯದು.

ಗುತ್ತಿಗೆದಾರರ ಕೆಲಸಕ್ಕೆ ಐದರಲ್ಲಿ ಐದು ಅಂಕ ಕೊಡುತ್ತೇನೆ. ಕಂಪನಿಯ ಸೇವೆಗೆ ಎರಡೇ ಅಂಕ, ಅದೂ ಹೊಸ ಪೆಟ್ಟಿಗೆ ಹೇಳಿದ ದಿನಕ್ಕೆ ಬಂದದ್ದಕ್ಕಾಗಿ. ಹಳೆಯದನ್ನು ತಾವೇ ಒಯ್ಯುತ್ತೇವೆಂದು ಅವರು ಎರಡು ಬಾರಿ ಕರೆ ಮಾಡಿದ್ದಾರೆ. ಬೋರ್ಡ್ ಬಿಡಿಯಾಗಿ ಏಕೆ ಸಿಗುವುದಿಲ್ಲವೆಂಬ ನನ್ನ ಪತ್ರಕ್ಕೆ ಉತ್ತರ ಬರುವವರೆಗೆ ಕೊಡುವುದಿಲ್ಲವೆಂದು ತಿಳಿಸಿದ್ದೇನೆ.